ಲ್ಯಾಬಿನ ಮೇಲಿನ ಮನೆ

ರೋಗಾಣುಗಳ ಲ್ಯಾಬು ಸುರಕ್ಷಿತವೆಂದು ಹೇಳಿದವರ ಮನೆಯವರು, ಪ್ರಯೋಗ ಮುಗಿಯುವ ತನಕ ಅದರ ಮೇಲಂತಸ್ತಿನಲ್ಲೇ ವಾಸಿಸಬೇಕೆಂಬುದು ಕಾನೂನು. ಅವರು ಬಂದಿದ್ದಾರೆಯೇ ಎಂದು ನೋಡಿದ ಮೇಲೆಯೇ ಲ್ಯಾಬಿನ ಬೀಗ ತೆಗೆಯುವುದು ಸುರಕ್ಷತಾ ಅಧಿಕಾರಿಯಾದ ನನ್ನ ಕೆಲಸ.

ಅಂದು ಬೆಳಿಗ್ಗೆ, ಈ ಲ್ಯಾಬು ಸುರಕ್ಷಿತವೆಂದು ಹೇಳಿದ್ದ ನಿರ್ದೇಶಕ ಫಣಿರಾಜರ ಜೊತೆ ಮೆಟ್ಟಿಲು ಹತ್ತಿದೆ. ಮೇಲೆ ಹೆಂಗಸೊಬ್ಬಳು ತೊಟ್ಟಿಲು ತೂಗುತ್ತಿದ್ದಳು.

"ಯಾರಮ್ಮ ನೀವು?"

"ಸಾಹೇಬ್ರ ತಂಗಿ ಮೇಡಂ," ಎನ್ನುತ್ತ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

ಅಣ್ಣನನ್ನು ಸಾಹೇಬ್ರು ಎನ್ನುವ ತಂಗಿಯನ್ನು ನಾನೆಲ್ಲೂ ಕಂಡಿರಲಿಲ್ಲ. ಫಣಿರಾಜರ ಕಡೆ ತಿರುಗಿದೆ.

"ಸರ್, ಕೆಳಗೇನಿದೆ ಅಂತ ಇವ್ರಿಗೆ ಹೇಳಿದೀರಾ?"

"ಪಾಪ, ಇರೋಕೆ ಮನೆ ಇರ್ಲಿಲ್ಲ, ಕೊಟ್ಟೆ. ತಪ್ಪೇನು ವಾರಿಜಾ? ಅಪಾಯ ಇಲ್ಲ ಅಂತ ನಾನೇ ಹೇಳಿದೀನಲ್ಲ."

"ಅಪಾಯ ಇಲ್ಲ ಅಂದ್ಮೇಲೆ ನಿಮ್ಮ ಮಗಳೆಲ್ಲಿ?"

"ಅವಳಿಗೆ ಇಲ್ಲಿನ ಗಾಳಿ ಆಗಲ್ಲ."

"ಈ ಮಗೂಗೆ ಆಗುತ್ತಾ?"

ನಾನು ತಾಯಿ, ಮಗು ಇಬ್ಬರನ್ನೂ ಕರೆದುಕೊಂಡು ಹೋಗಿ ನಮ್ಮ ಅತಿಥಿಗೃಹದಲ್ಲಿ ಬಿಟ್ಟು ಬಂದೆ. ಬಂದವಳೇ ಬೀಗದ ಕೈಯನ್ನು ಫಣಿರಾಜರ ಮುಖಕ್ಕೆ ಹಿಡಿದೆ.

"ಮಗಳನ್ನ ಕರೆಸಿ ಸರ್. ಅವಳು ಈ ಮನೆಗೆ ಕಾಲಿಟ್ಟ ಕೂಡ್ಲೇ ಬೀಗ ತೆಗೀತೀನಿ."

ನನ್ನನ್ನು ದುರುಗುಟ್ಟಿ ನೋಡಿ, ಫೋನ್ ತೆಗೆದು ಬಾಗಿಲಾಚೆ ಹೋದರು. ದನಿ ತಗ್ಗಿಸಿದ್ದರೂ ನನಗೆ ಕೇಳಿಸಿತು.

"ಲ್ಯಾಬಿನ ಗಾಳಿ ಫಿಲ್ಟರ್ ಹರಿದುಹೋಗಿದೆ ಅಂತ ಹೋದ ತಿಂಗಳು ಹೇಳಿದ್ರಲ್ಲ, ಇವತ್ತೇ ಬಂದು ಹೊಸದು ಹಾಕಿ."