ಬಿಸಿಯೋ, ತಣ್ಣಗೋ

"ಕಣ್ಣು ಬಿಡಬಾರದು," ಎಂದ ಗಂಗುಲಪ್ಪ.

ಚಿಕ್ಕಗಂಗಮ್ಮ ಕಣ್ಣು ಮುಚ್ಚಿ ಕೈ ಚಾಚಿ ಕೂತಿದ್ದಳು. ಮುಂಗೈ ಮೇಲೆ ರೂಪಾಯಿಯಗಲದ ಬಿಳಿಚಿದ ಮಚ್ಚೆ. ಅವನು ಅದಕ್ಕೆ ಕೋಳಿಗರಿ ತಾಗಿಸಿದ.

"ಈಗ?"

"ಮುಟ್ಟಿದ್ರಿ. ಬರೀ ಸಿಬ್ಬು ಸಾರ್ ಅದು. ಕೋಳಿ ನೀವು ತಿಂದು ಗರಿ ನಮಗೆ ತಂದಿದೀರಾ?"

ಐದು ಸಲದಲ್ಲಿ ಮೂರು ಸಲ ಸರಿ ಹೇಳಿದಳು. ಗೊತ್ತಾಗಿ ಹೇಳಿದಳೋ, ಊಹಿಸಿಯೋ? ಗಂಗುಲಪ್ಪ ಎಪ್ಪತ್ತಮೂರರಲ್ಲಿ ಕುಷ್ಠರೋಗ ಸಮೀಕ್ಷೆಗೆ ಸೇರಿದವನು. ಒಂಬತ್ತು ವರ್ಷದಿಂದ ಗೌನಿಪಲ್ಲಿ ಸುತ್ತಿನಲ್ಲಿ ಮನೆಮನೆ ಅಲೆದಿದ್ದ. ಜನ ಮುಚ್ಚಿಡುವುದು ಹೊಸದಲ್ಲ. ಇವಳಿಗಂತೂ ಕಾರಣವಿತ್ತು. ಮುಂದಿನ ವಾರ ಮಗಳ ಮದುವೆ, ರಾಯಲ್ಪಾಡಿನ ಗಂಡು. ರೋಗಿಗಳ ಪಟ್ಟಿಗೆ ತಾಯಿಯ ಹೆಸರು ಬಂದರೆ ಬೀಗರು ಈ ಹೊಸ್ತಿಲು ತುಳಿಯುವುದಿಲ್ಲ. ಬರೆಯದೆ ಬಿಟ್ಟರೆ ಇವಳ ಬೆರಳುಗಳು ಒಂದೊಂದಾಗಿ ಸೊಟ್ಟಗಾಗುತ್ತವೆ.

ಬಿಸಿ-ತಣ್ಣಗಿನ ಪರೀಕ್ಷೆಯೇ ಗತಿ. ರೋಗ ಹಿಡಿದ ಚರ್ಮಕ್ಕೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ರೇಷ್ಮೆಗೂಡು ಬೇಯಿಸುವ ಬಾಣಲೆಯಿಂದ ಒಂದು ಗಾಜಿನ ಕೊಳವೆಗೆ, ಮಡಕೆಯಿಂದ ಇನ್ನೊಂದಕ್ಕೆ ಮಗಳು ನೀರು ತುಂಬಿ, ಬಿರಡೆ ಹಾಕಿ ತಂದಳು. ಗಂಗುಲಪ್ಪನ ಬಲಗೈಯಲ್ಲಿ ಪೆನ್ನಿತ್ತು. ಬಿಸಿಯದನ್ನು ಎಡಗೈಯ ಕೊನೆಯ ಎರಡು ಬೆರಳುಗಳಲ್ಲಿ ಮಡಚಿ ಹಿಡಿದು, ತರಬೇತಿಯಲ್ಲಿ ಕಲಿಸಿದಂತೆ ಮೊದಲು ತಾನೇ ಪರೀಕ್ಷಿಸಿದ.

"ಇದು ಆರಿದೆಯಲ್ಲಮ್ಮ. ಬಿಸಿ ತಾ."

"ಕುದೀತಾ ಇತ್ತು ಸಾರ್!"

"ತಾ ಅಂದ್ರೆ ತಾ."

ಎರಡನೆಯ ಸಲವೂ ಅಷ್ಟೇ. ಹುಡುಗಿ ಬೇಕೆಂದೇ ಆರಿದ ನೀರು ತರುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. ತಾಯಿ ಗುರುತಿಸದೆ ಹೋದರೆ ತಪ್ಪು ನೀರಿನ ಮೇಲೆ ಹಾಕಬಹುದು. ಮೂರನೆಯ ಸಲ ಹುಡುಗಿ ಕೊಳವೆಯನ್ನು ದಾವಣಿಯ ತುದಿಯಲ್ಲಿ ಸುತ್ತಿ, ಉಸ್ಸೆನ್ನುತ್ತ ತಂದಳು. ಒಳ್ಳೆಯ ನಾಟಕ. ಇದ್ದುದರಲ್ಲೇ ನೋಡೋಣವೆಂದು ಕೊಳವೆಯನ್ನು ಮಚ್ಚೆಗೆ ಒತ್ತಿದ.

"ಅಬ್ಬೋ! ಸುಟ್ಟೋಯ್ತು ನಾಯ್ನಾ!" ಚಿಕ್ಕಗಂಗಮ್ಮ ಕೈ ಕಿತ್ತುಕೊಂಡಳು. "ಮನುಷ್ಯರೇನ್ರೀ ನೀವು?"

ಆರಿದ ನೀರಿಗೆ ಇಷ್ಟು ಕೂಗು! ಮುಚ್ಚಿಡುವವರೇ ಹೀಗೆ ಅತಿ ಮಾಡುವುದು. ಅವನಿಗೆ ಕನಿಕರವೆನಿಸಿತು, ಆದರೂ ಕೊಳವೆಯನ್ನು ಬೆರಳಲ್ಲೇ ಸಿಕ್ಕಿಸಿಕೊಂಡು, ಪಟ್ಟಿಯನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಬರೆದ. ಚಿಕ್ಕಗಂಗಮ್ಮ. ವಯಸ್ಸು ನಲವತ್ತು. ಸ್ಪರ್ಶಜ್ಞಾನವಿಲ್ಲ, ಉತ್ತರ ನಂಬುವಂತಿಲ್ಲ.

"ಬರೀಬೇಡಿ ಸಾರ್, ನನ್ನ ಮಗಳ ಬಾಳು..." ತಾಯಿ ಅಳತೊಡಗಿದಳು.

ಮಗಳು ಅಳಲಿಲ್ಲ. ಅವನ ಎಡಗೈಯನ್ನೇ ನೋಡುತ್ತಿದ್ದಳು.

"ಸಾರ್, ಅದನ್ನ ಬಿಡಿ! ನಿಮ್ಮ ಬೆರಳು ನೋಡ್ಕೊಳ್ಳಿ!"

ಕಿರುಬೆರಳು, ಉಂಗುರದ ಬೆರಳುಗಳ ತುಂಬ ನೀರುಗುಳ್ಳೆ ಎದ್ದಿತ್ತು. ಬೇರೆ ಯಾರದೋ ಕೈಯನ್ನು ನೋಡುವಂತೆ ಅವನು ಅದನ್ನು ನೋಡಿದ.

ಆಮೇಲೆ ಚಿಕ್ಕಗಂಗಮ್ಮನ ಹೆಸರು ಹೊಡೆದುಹಾಕಿ, ಅದರ ಕೆಳಗೆ ಬರೆದ: ಗಂಗುಲಪ್ಪ, ವಯಸ್ಸು ಮೂವತ್ತೆಂಟು.