ಮನೆ ನೀರು

"ನಾವು ತೊಳ್ಕೊಂಡು ಬಿಟ್ಟ ನೀರು ಕಣಯ್ಯಾ ನಿಮ್ಮೂರ ಕೆರೇಲಿ ನಿಂತಿರೋದು. ನೀನು ಬಂದು ನಮ್ಮನೇಲಿ ನೀರಿಗೇನ್ ಮಾಡ್ತೀರಾ ಅಂತ ಕೇಳ್ತೀಯಲ್ಲ!"

ಗಂಡಿನ ಸೋದರಮಾವ ಚನ್ನಕೇಶವ ಹೀಗಂದದ್ದೇ ತಡ, ಸೋಫಾದ ಮೇಲಿದ್ದ ನೆಂಟರೆಲ್ಲ ಗೊಳ್ಳೆಂದರು. ಸುನೀಲ ಕೇಳಬಾರದ್ದೇನೂ ಕೇಳಿರಲಿಲ್ಲ. ದಿಬ್ಬೂರಹಳ್ಳಿ ಕಡೆಯವರು ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋದರೆ ಮೊದಲು ಕೇಳುವುದೇ ಆ ಮಾತು. ಅದನ್ನೇ ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಕೇಳಿಬಿಟ್ಟಿದ್ದ.

ನಗರ ಬಳಸಿ ಬಿಟ್ಟ ನೀರನ್ನು ಸೋಸಿ ಪೈಪಿನಲ್ಲಿ ತಮ್ಮ ಕಡೆಯ ಕೆರೆಗಳಿಗೆ ತುಂಬಿಸುವುದು ಸುಳ್ಳಲ್ಲ. ಆದರೆ ಆಡಿಕೊಳ್ಳುತ್ತಿರುವವನು ಯಾರು? ಗೌರಿಬಿದನೂರಿನ ನಗರಗೆರೆಯಲ್ಲಿ ಹುಟ್ಟಿ, ಬೋರ್‌ವೆಲ್ ಮುಂದೆ ಕೊಡ ಹಿಡಿದು ನಿಂತು ಬೆಳೆದವನೇ! ನಾಲಿಗೆಯ ತುದಿಗೆ ಬಂದದ್ದನ್ನು ಸುನೀಲ ನುಂಗಿಕೊಂಡ. ಬಾಯಿ ತೆರೆದರೆ ಸಂಬಂಧ ಮುರಿಯುತ್ತದೆ, ತಂಗಿ ಗೌತಮಿ ಈ ಹುಡುಗನನ್ನು ಮನಸಾರೆ ಒಪ್ಪಿದ್ದಾಳೆ. ಬೆಳಿಗ್ಗೆ ಹೊರಡುವಾಗ ಅವಳು ಹೇಳಿದ್ದೂ ಅಷ್ಟೇ: "ಅಣ್ಣಾ, ಸೋಫಾ ಗೀಫಾ ನೋಡ್ಕೊಂಡು ಬರ್ಬೇಡ. ಅವ್ರು ಹೆಂಗವ್ರೆ ಅಂತ ನೋಡ್ಕೊಂಡು ಬಾ. ಜಗಳ ಮಾತ್ರ ಬ್ಯಾಡ ಕಣಪ್ಪ, ನಿನ್ನ ಬಾಯಿ ನಂಗೊತ್ತು."

ಹುಡುಗನನ್ನು ನೋಡಲು ಚನ್ನಕೇಶವ ಬಿಟ್ಟರಲ್ಲವೇ! ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮೋಹನ್‌ಬಾಬು ಹೊಸ ಅಂಗಿ ತೊಟ್ಟು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಮಾವ ಗೋಡೆಯಗಲದ ಟೀವಿ ತೋರಿಸಿದ, ಮುಖ ಕಾಣುವ ನೆಲ ತೋರಿಸಿದ, ಸುನೀಲನ ಭುಜ ಹಿಡಿದು ಬಾಲ್ಕನಿಗೆ ಕರೆದೊಯ್ದು ಗೇಟಿನ ಬಳಿಯ ಕಾರಂಜಿ ತೋರಿಸಿದ. "ಹಗಲೂ ರಾತ್ರಿ ಚಿಮ್ತಾನೇ ಇರುತ್ತೆ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಹೊಡೆಯೋ ಟೆಂಪೋ ಡ್ರೈವರ್ ನೀನು, ಇಂಥವೆಲ್ಲ ಎಲ್ಲಿ ನೋಡಿರ್ತೀಯ? ಸಿಟಿ ಕಣಯ್ಯಾ ಇದು. ದುಡ್ಡು ಇಲ್ಲಿ ಕಣ್ಣಿಗೆ ಕಾಣುತ್ತೆ."

ಕಾಣುತ್ತಿತ್ತು ನಿಜ. ಆದರೆ ಕಾಣುವುದೆಲ್ಲ ಮುಂದಿನ ಕೋಣೆಯಲ್ಲೇ ಇತ್ತು. ಅಡುಗೆಮನೆಯ ಬಾಗಿಲು ಮಾತ್ರ ಅವರು ಬಂದಾಗಿನಿಂದ ಮುಚ್ಚಿಯೇ ಇತ್ತು.

ಆ ಬಾಗಿಲನ್ನು ತಳ್ಳಿದವಳು ಸುನೀಲನ ಜೊತೆ ಬಂದಿದ್ದ ಅಜ್ಜಿ ಪೆದ್ದಮ್ಮ. ಹೆಣ್ಣಿನ ಕಡೆಯ ಹಿರಿಯಳು ಗಂಡಿನ ಅಡುಗೆಮನೆಗೆ ಹೋಗಿ ನೀರು ಕೇಳಿ ಕುಡಿದರೆ ಸಂಬಂಧ ಒಪ್ಪಿದಂತೆ. ಕುಡಿಯದೆ ಎದ್ದು ಬಂದರೆ ಇಲ್ಲ. "ನೀಳ್ಳಿಯ್ಯಿ ತಲ್ಲೀ, ಒಂದು ಲೋಟ" ಎಂದು ತೆಲುಗು ಬೆರೆತ ಮಾತಿನಲ್ಲಿ ನೀರು ಕೇಳಿ ಹುಡುಗನ ತಾಯಿಯ ಮುಂದೆ ಕೈ ಚಾಚಿದಳು. ಆಕೆ ಪೆಚ್ಚಾಗಿ ನಲ್ಲಿ ತಿರುಗಿಸಿದಳು. ನಲ್ಲಿ ಬುಸ್ ಎಂದು ಗಾಳಿ ಕಾರಿತು. ಮೂಲೆಯಲ್ಲಿದ್ದ ಕ್ಯಾನನ್ನು ಬಗ್ಗಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಅಯ್ಯೋ, ಅದಕ್ಕೇನು!" ಚನ್ನಕೇಶವ ಫೋನ್ ತೆಗೆದ. "ಬಾಟ್ಲು ತರಿಸ್ತೀನಿ, ಈಗ ಬರುತ್ತೆ ನೋಡಿ."

"ಅಂಗಡಿ ಬಾಟ್ಲು ಕುಡಿದು ಅಂಗಡಿಯೋನಿಗೆ ಹೆಣ್ಣು ಕೊಡ್ಲಾ?" ಎಂದಳು ಪೆದ್ದಮ್ಮ. "ಮನೆ ನೀರು ಇದ್ರೆ ಕೊಡಿ."

ಈ ಸಲ ಯಾರೂ ನಗಲಿಲ್ಲ. ಚನ್ನಕೇಶವನಿಗೆ ಮುಖಭಂಗವಾದದ್ದು ನೋಡಿ ಸುನೀಲನಿಗೆ ಖುಷಿಯಾಗಬೇಕಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಗೌತಮಿಯ ಮುಖ.

ಮೋಹನ್‌ಬಾಬು ಎದ್ದ. ಹೊಸ ಅಂಗಿಯ ತೋಳು ಮಡಚಿದ. ಪರದೆಯ ಹಿಂದೆ ಬಚ್ಚಿಟ್ಟಿದ್ದ ಎರಡು ಖಾಲಿ ಕ್ಯಾನು ಎಳೆದುಕೊಂಡ.

"ಟ್ಯಾಂಕರ್ ಮೊನ್ನೆಯಿಂದ ಬಂದಿಲ್ಲ ಅಜ್ಜಿ. ಹಿಂದಿನ ಬೀದೀಲಿ ಫಿಲ್ಟರ್ ನೀರು ಸಿಗುತ್ತೆ, ದಿನಾ ನಾನೇ ತರೋದು. ಇವತ್ತು ನೆಂಟರ ಮುಂದೆ ಬೇಡ ಅಂದ್ರು ಮಾವ. ಗೌತಮಿಯವ್ರಿಗೆ ಎಲ್ಲಾ ಹೇಳಿದೀನಿ. ಇಬ್ರೂ ಸೇರಿ ತರೋಣ ಬಿಡಿ ಅಂದ್ರು."

"ಲೋ ಮೋಹನಾ! ಗಂಡು ಕಣೋ ನೀನು, ಇವತ್ತು ಕ್ಯಾನ್ ಹೊರ್ತೀಯ? ಲಿಫ್ಟಲ್ಲಿ ನೀರು ತರೋಕೂ ಬಿಡಲ್ಲ ಇಲ್ಲಿ, ಒಳಗಿನ ನೆಲದ ಕಲ್ಲು ಕೊಳೆಯಾಗುತ್ತೆ ಅಂತಾರೆ. ಇಡು ಕೆಳಗೆ!"

"ಮೆಟ್ಲು ಐತಲ್ಲ ಮಾವ."

ಪೆದ್ದಮ್ಮ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆಳಿಗ್ಗೆಯಿಂದ ಯಾರೂ ಹಾಗೆ ನೋಡಿರಲಿಲ್ಲ. ಆಮೇಲೆ ಒಲೆಯ ಪಕ್ಕದಲ್ಲಿದ್ದ ಸ್ಟೀಲ್ ಲೋಟ ತೆಗೆದು ಸೆರಗಿನಿಂದ ಒರೆಸಿ ಕೈಯಲ್ಲೇ ಹಿಡಿದು ಕೂತಳು.

"ನೀನು ಹೊತ್ಕೊಂಡು ತಂದ್ರೆ ಅದು ಮನೆ ನೀರೇ ಕಣಪ್ಪ. ಹೋಗ್ಬಾ, ಕಾಯ್ತೀನಿ."

ಚನ್ನಕೇಶವನಿಗೆ ಕೋಪ ತೀರಿಸಿಕೊಳ್ಳಲು ಒಬ್ಬ ಬೇಕಿತ್ತು. "ಏನಯ್ಯಾ ಟೆಂಪೋ, ಈಗ ಹೊಟ್ಟೆ ತಣ್ಣಗಾಯ್ತಾ? ಊರಿಗೋಗಿ ಏನಂತ ಸಾರ್ತೀಯ ನಮ್ಮನೆ ಬಗ್ಗೆ? ಹೇಳು, ಎಲ್ಲಾರ ಮುಂದೇನೇ ಹೇಳು!"

ಹೇಳಲು ಬೇಕಾದಷ್ಟಿತ್ತು. ತಮ್ಮೂರಲ್ಲಿ ತುಂಬಿದ ಕೆರೆಯ ಕೆಳಗೆ ಬತ್ತಿದ್ದ ಬಾವಿಗಳು ಮತ್ತೆ ಉಸಿರಾಡುತ್ತಿರುವುದು, ಹಿಪ್ಪುನೇರಳೆ ಹಸಿರಾಗಿರುವುದು, ಆ ಕಾರಂಜಿಯ ನೀರನ್ನು ಒಂದು ಲೋಟಕ್ಕೆ ಬಗ್ಗಿಸಲಾಗದೆ ಹೋದದ್ದು. ಒಂದೊಂದೂ ಕಲ್ಲಿನ ಹಾಗೆ ಬಾಯಲ್ಲಿ ಉರುಳುತ್ತಿತ್ತು.

ಸುನೀಲ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದ. ಮೋಹನ್‌ಬಾಬುವಿನ ಕೈಯಿಂದ ಒಂದು ಕ್ಯಾನನ್ನು ಕಿತ್ತುಕೊಂಡ.

"ಬ್ಯಾಡ ಬಾವ, ನಾನು ತರ್ತೀನಿ..."

ಸುನೀಲ ಕೊಡಲಿಲ್ಲ. ಹಿಂದೆ ಚನ್ನಕೇಶವ ಇನ್ನೂ ಕೇಳುತ್ತಲೇ ಇದ್ದ. ತಿರುಗಿ ನೋಡದೆ ಇಬ್ಬರೂ ಮೆಟ್ಟಿಲಿಳಿದರು. ಇಬ್ಬರ ಮೊಣಕಾಲಿಗೂ ಬಡಿಯುತ್ತಿದ್ದ ಖಾಲಿ ಕ್ಯಾನುಗಳು ನಾಲ್ಕು ಮಹಡಿಗೂ ಕೇಳುವಂತೆ ತಮಟೆಯ ಹಾಗೆ ಸದ್ದು ಮಾಡಿದವು.