ಕ್ಯಾನಿನ ದಿನ

ಅಂಗಳದಲ್ಲಿ ಕಾರು ನಿಂತ ಸದ್ದು ಕೇಳಿದ್ದೇ ತಡ, ಬೆಳ್ಳಿ ಕೆಂಡದ ಮೇಲಿದ್ದ ಒಣ ಬಂಗಡೆಯ ಮೇಲೆ ಅಲ್ಯೂಮಿನಿಯಂ ಬೋಗುಣಿಯೊಂದನ್ನು ಕವುಚಿ ಹಾಕಿದಳು. ಬಂಗಡೆಯೇನೋ ಮುಚ್ಚಿಹೋಯಿತು. ಅದರ ವಾಸನೆ ಮಾತ್ರ ಬೆಳ್ಳಿಯ ಮಾತು ಕೇಳುವಂಥದ್ದಲ್ಲ. ಹಂಚಿನ ಸಂದಿಯಿಂದ ಹೊರಬಿದ್ದು, ಧಾರೇಶ್ವರದ ಕಡಲ ಗಾಳಿಯನ್ನೂ ಎದುರು ಹಾಕಿಕೊಂಡು, ಕಾರಿನಿಂದ ಇಳಿದವಳ ಮೂಗನ್ನು ಅದು ಆಗಲೇ ಮುಟ್ಟಿತ್ತು.

ಇಳಿದವಳು ಡಾಕ್ಟರ್ ಸೌಜನ್ಯಾ. ಬೆಳ್ಳಿಯ ಪಕ್ಕದಲ್ಲೇ ಕೂತು ಕುಮಟೆ ಪೇಟೆಯಲ್ಲಿ ಮೀನು ಮಾರುತ್ತಿದ್ದ ಗಣಪಿಯ ಮಗಳು. ಈಗ ದೊಡ್ಡ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕಡಲತಡಿಯ ಹೆಂಗಸರಿಗೆ ರಕ್ತದೊತ್ತಡ ಏಕೆ ಇಷ್ಟೊಂದು, ಒಣಮೀನಿನ ಉಪ್ಪು ಕಡಿಮೆ ಮಾಡಿದರೆ ಅದು ಇಳಿದೀತೇ ಎಂದು ಇದೇ ಕೇರಿಯಲ್ಲಿ ಸಂಶೋಧನೆ ಮಾಡುತ್ತ ಮಾಡುತ್ತ ಅವಳ ತಲೆಯೇ ನರೆತಿತ್ತು. ತನ್ನ ವಿದ್ಯಾರ್ಥಿಗಳನ್ನು ಕರೆತಂದು, ಮೀನನ್ನು ನೆನೆಹಾಕಿ, ನೀರು ಚೆಲ್ಲಿ, ತೊಳೆದು ಬೇಯಿಸುವುದನ್ನು ಮನೆಮನೆಯ ಒಲೆಯ ಮುಂದೆ ಕೂತು ಹೇಳಿಕೊಡಿಸಿದ್ದಳು. ವರ್ಷಕ್ಕೊಂದು ಸಲ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಕ್ಯಾನು ಕೊಟ್ಟು, ಇಡೀ ದಿನದ ಮೂತ್ರವನ್ನು ಅದರಲ್ಲಿ ಹಿಡಿದಿಡಲು ಹೇಳುತ್ತಿದ್ದಳು. ಬಾಯಿ ಸುಳ್ಳು ಹೇಳಿದರೂ ತಿಂದ ಉಪ್ಪು ಅಲ್ಲಿ ಸುಳ್ಳು ಹೇಳುವುದಿಲ್ಲವಂತೆ. ಕೇರಿಯವರು ಅದಕ್ಕೆ ಕ್ಯಾನಿನ ದಿನ ಎಂದು ಹೆಸರಿಟ್ಟಿದ್ದರು.

"ಹೇಳ್ದೆ ಕೇಳ್ದೆ ಬಂದ್ಬಿಟ್ಯಲ್ಲೇ ಹುಡ್ಗಿ! ಕ್ಯಾನಿನ ದಿನ ಶಿವರಾತ್ರಿ ಕಳೆದ್ಮೇಲೆ ಅಂದಿದ್ರು," ಎನ್ನುತ್ತ ಬೆಳ್ಳಿ ಬೋಗುಣಿಗೆ ಅಡ್ಡವಾಗಿ ನಿಂತಳು.

"ಕ್ಯಾನು ಕೊಡೂಕೆ ಬಂದದ್ದಲ್ಲ ಬೆಳ್ಳತ್ತೆ, ನಿನ್ನ ಕರೆಯೂಕೆ ಬಂದದ್ದು. ನಾಳೆ ಹೊನ್ನಾವರದಲ್ಲಿ ಸಭೆ, ದಿಲ್ಲಿಯಿಂದ ದೊಡ್ಡೋರು ಬರ್ತ್ರು. ಈ ಕೇರೀಲಿ ಉಪ್ಪು ಅರ್ಧಕ್ಕರ್ಧ ಇಳಿದದೆ ಅಂತ ನಾ ತೋರಿಸ್ಬೇಕು. ಅವ್ರು ಒಪ್ಪಿದ್ರೆ ದೇಶದ ಮೆಡಿಕಲ್ ಹುಡುಗ್ರಿಗೆಲ್ಲ ಇದೇ ಪಾಠ. ನೀ ಸ್ಟೇಜಿನ ಮೇಲೆ ಎರಡು ಮಾತು ಹೇಳ್ಬೇಕು."

"ನಾ ಎಂತ ಹೇಳೂದೇ? ಬಂಗಡೆ ರೇಟು ಕೇಳಿದ್ರೆ ಹೇಳುವೆ."

ಸೌಜನ್ಯಾ ನಕ್ಕಳು. ನಗುನಗುತ್ತಲೇ ಒಳಗೆ ಬಂದು, ಬೆಳ್ಳಿಯ ಪಕ್ಕದಿಂದ ಬಗ್ಗಿ ಸೆರಗಿನ ತುದಿಯಿಂದ ಬೋಗುಣಿ ಎತ್ತಿದಳು. ನೆನೆಹಾಕಿದ್ದಲ್ಲ, ತೊಳೆದದ್ದೂ ಅಲ್ಲ. ಬಂಗಡೆಯ ಮೈಮೇಲಿನ ಉಪ್ಪಿನ ಹರಳು ಕೆಂಡಕ್ಕೆ ಉದುರಿ ಚಟಪಟ ಅನ್ನುತ್ತಿತ್ತು. ಅವಳ ನಗು ಅಲ್ಲಿಗೇ ನಿಂತಿತು.

"ಇದೆಂತದು ಬೆಳ್ಳತ್ತೆ?"

ಸಿಕ್ಕಿಬಿದ್ದ ಮೇಲೆ ಬೆಳ್ಳಿಗೆ ಅಂಜಿಕೆಯೇ ಹೋಯಿತು. "ಹೆದರ್ಬೇಡ ಹುಡ್ಗಿ. ಇವತ್ತು ನಿನ್ನ ದಿನ ಅಲ್ವಲ್ಲ! ಸೋಮವಾರ ದೇವರದ್ದು, ವಾರ ಹಿಡಿದು ಮೀನು ಮುಟ್ಟೂದಿಲ್ಲ. ಕ್ಯಾನಿನ ದಿನ ನಿಂದು, ಅವತ್ತೂ ಮುಟ್ಟೂದಿಲ್ಲ. ಹಿಂದಿನ ದಿನದಿಂದ್ಲೇ ಗಂಜಿಗೂ ಉಪ್ಪಿಲ್ಲ. ಕೇರಿಗೆ ಕೇರಿಯೇ ವಾರ ಹಿಡೀತದೆ, ಬೇಕಾರೆ ಕೇಳಿ ನೋಡು."

"ಕೇರಿಗೆ ಕೇರಿಯೇ?"

"ಮತ್ತೆ! ಮೊದಲನೇ ಸಲ ಕ್ಯಾನಿನಲ್ಲಿ ಉಪ್ಪು ಜಾಸ್ತಿ ಬಂತು ಅಂದಾಗ ನಿನ್ನ ಮೋರೆ ಎಷ್ಟು ಸಣ್ಣ ಆಗಿತ್ತು ಗೊತ್ತುಂಟಾ? ಅವತ್ತೇ ನಾವೆಲ್ಲ ಮಾತಾಡ್ಕಂಡದ್ದು. ಗಣಪಿ ಬುಟ್ಟಿ ಹೊತ್ತು ಓದಿಸಿದ ಹುಡ್ಗಿ, ಪರೀಕ್ಷೇಲಿ ಬಿದ್ರೆ ನಮ್ಗೆ ಮರ್ಯಾದಿ ಉಂಟಾ?"

ಸೌಜನ್ಯಾ ಹೊಸ್ತಿಲ ಮೇಲೆ ಕೂತಳು. ಡಾಕ್ಟರು ಹೊಸ್ತಿಲ ಮೇಲೆ ಕೂರಬಾರದೆಂದು ಹೇಳಲು ಬಾಯಿ ತೆರೆದ ಬೆಳ್ಳಿಗೆ ಅವಳ ಮುಖ ಕಂಡಿತು. ಅದೇ ಸಣ್ಣಗಾದ ಮೋರೆ. ಇಷ್ಟು ವರ್ಷ ವಾರ ಹಿಡಿದದ್ದು ಇದನ್ನು ಇನ್ನೊಂದು ಸಲ ನೋಡಬಾರದೆಂದಲ್ಲವೇ?

ಎದುರು ಮನೆಯ ಜಗಲಿಯಲ್ಲಿ ಲಕ್ಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಹೋದ ದೀಪಾವಳಿಯಲ್ಲಿ ಒತ್ತಡ ಏರಿ, ಲಕ್ವ ಹೊಡೆದು ಅವಳ ಬಲಭಾಗ ಬಿದ್ದುಹೋಗಿತ್ತು. ಎಡಗೈಯಲ್ಲಿ ಕೋಲು ಹಿಡಿದು, ಅಂಗಳದಲ್ಲಿ ಒಣಹಾಕಿದ ಮೀನಿನ ಮೇಲಿಂದ ಕಾಗೆ ಓಡಿಸುತ್ತಿದ್ದಳು. ಬೀಳುವುದಕ್ಕೆ ಮುಂಚೆ ಅವಳಿಗೆ ತಲೆಸುತ್ತು ಬರುತ್ತಿದ್ದಾಗ ನೋಡಿದವಳು ಸೌಜನ್ಯಾಳೇ. ಕ್ಯಾನಿನ ಲೆಕ್ಕ ನೋಡಿ, ನಿಮಗೆ ಉಪ್ಪಿನ ತೊಂದರೆ ಇಲ್ಲ, ಒತ್ತಡ ನಿಧಾನಕ್ಕೆ ಇಳಿಯುತ್ತದೆ, ಈಗಲೇ ಮಾತ್ರೆ ಬೇಡ ಎಂದಿದ್ದಳು.

"ಲಕ್ಕಕ್ಕನೂ ವಾರ ಹಿಡೀತಿದ್ಲಾ?"

"ಅವ್ಳದ್ದು ನಮ್ಮೆಲ್ರಿಗಿಂತ ಕಟ್ಟುನಿಟ್ಟು. ಕ್ಯಾನಿನ ದಿನ ಬರೀ ಎಳನೀರು."

ಸೌಜನ್ಯಾ ಎದ್ದು ಕಾರಿನ ಕಡೆ ನಡೆದಳು. ಸಿಟ್ಟು ಮಾಡಿಕೊಂಡು ಹೊರಟೇಬಿಟ್ಟಳು ಎಂದುಕೊಂಡಳು ಬೆಳ್ಳಿ, ಚಹಾಕ್ಕೂ ನಿಲ್ಲಲಿಲ್ಲವಲ್ಲ! ಆದರೆ ಅವಳು ಡಿಕ್ಕಿ ತೆರೆದು, ಸಭೆಯಲ್ಲಿ ತೋರಿಸಲೆಂದು ತಂದಿದ್ದ ಹೊಸ ಕ್ಯಾನೊಂದನ್ನು ಎತ್ತಿಕೊಂಡು ವಾಪಸು ಬಂದಳು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಬಂಗಡೆಯ ಒಂದು ಮಗ್ಗುಲು ಕರಕಲಾಗಿತ್ತು. ಗಣಪಿ ಮಾಡುತ್ತಿದ್ದ ಹಾಗೆಯೇ ಬರಿಬೆರಳಿನಲ್ಲಿ ಅದನ್ನು ಮಗುಚಿ ಹಾಕಿ, ಕ್ಯಾನನ್ನು ಬೆಳ್ಳಿಯ ಕಡೆ ಚಾಚಿದಳು.

"ಇದನ್ನ ತಿನ್ನು ಬೆಳ್ಳತ್ತೆ. ತಿಂದು, ಇವತ್ತಿಂದು ಇದ್ರಲ್ಲಿ ಹಿಡಿ. ನಾಳೆ ಹೊನ್ನಾವರಕ್ಕೆ ಇದನ್ನೇ ತಕಂಡು ಹೋಗುವ."

ಬೆಳ್ಳಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಇವತ್ತಿಂದಾ? ಇವತ್ತಿಂದು ಕೊಟ್ರೆ ನೀ ನಪಾಸಾಗ್ತ್ಯಲ್ಲೇ, ಮಗಾ!"